ವೃಶ್ಚಿಕಕ್ಕೆ ಒಂದೇ ಸಾಲು

ನಮ್ಮ ಊರಿನಲ್ಲಿ ಇಪ್ಪತ್ತೈದು ದಾಟಿದವರೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಕು. ತಾಯಂದಿರನ್ನು ಕೇಳಿದರೆ ಒಬ್ಬರು ಶ್ರಾವಣ ಅನ್ನುತ್ತಾರೆ, ಇನ್ನೊಬ್ಬರು ಕಡಲೆಕಾಯಿ ಕೀಳುವ ಕಾಲ ಅನ್ನುತ್ತಾರೆ, ಮತ್ತೊಬ್ಬರು ಎಮ್ಮೆ ಕಳೆದುಹೋದ ವಾರ ಅನ್ನುತ್ತಾರೆ. ಅವೆಲ್ಲ ಬಾಯಿಮಾತು. ಶಾಲೆಗೆ ಸೇರಿಸುವ ದಿನ ಗುರುಬಸಪ್ಪ ಮೇಷ್ಟ್ರು ತಮ್ಮ ದಪ್ಪ ರಿಜಿಸ್ಟರಿನಲ್ಲಿ ಏನು ಬರೆದರೋ ಅದೇ ಹುಟ್ಟು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಳೆದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತು. ವರ್ಷವನ್ನು ಅಂದಾಜಿನಲ್ಲಿ ಬರೆದು, ತಾರೀಕಿನ ಜಾಗಕ್ಕೆ ಬಂದಾಗ ಯೋಚಿಸದೆ ಜೂನ್ ಒಂದು ಎಂದು ಹಾಕುತ್ತಿದ್ದರು. ಶಾಲೆ ಶುರುವಾಗುವ ದಿನ ಅದು; ಅವರ ಮಟ್ಟಿಗೆ ಮನುಷ್ಯ ಹುಟ್ಟುವುದೂ ಅವತ್ತೇ.

ಬೇರೆ ಊರಿನಲ್ಲಾಗಿದ್ದರೆ ಇದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ನಮ್ಮಲ್ಲಿ ಮಾತ್ರ ಊರಿನ ನಾಲ್ಕು ಪುಟದ ಪತ್ರಿಕೆಯ ಸೂರ್ಯರಾಶಿ ಅಂಕಣದಲ್ಲಿ ಏನು ಅಚ್ಚಾಗುತ್ತದೋ ಅದು ಅಚ್ಚಾದ ಹಾಗೆ ನಡೆಯುತ್ತದೆ. ಜೂನ್ ಒಂದು ಮಿಥುನಕ್ಕೆ ಬರುತ್ತದೆ. ಹೀಗಾಗಿ ಊರಿಗೆ ಊರೇ ಮಿಥುನ ರಾಶಿ.

ಅಂಕಣ ಬರೆಯುವವರು ಪತ್ರಿಕೆಯ ಸಂಪಾದಕರೂ ಅಚ್ಚುಕೂಟದ ಯಜಮಾನರೂ ಆದ ವರದಯ್ಯ. ರದ್ದಿ ಅಂಗಡಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ವಿಲಾಯತಿ ಪುಸ್ತಕವೊಂದರಿಂದ ದಿನಕ್ಕೊಂದು ಪುಟವನ್ನು ಕನ್ನಡಕ್ಕೆ ಇಳಿಸುತ್ತಾರೆ. ಯಾರಾದರೂ ಕೈಗೆ ಸಿಕ್ಕರೆ ಅದರ ಮುನ್ನುಡಿಯನ್ನೂ ಇಳಿಸುತ್ತಾರೆ. ಬಾಬಿಲೋನಿನ ಜನ ಸೂರ್ಯನ ದಾರಿಯನ್ನು ಹನ್ನೆರಡು ಸಮಪಾಲು ಮಾಡಿದರಂತೆ; ಗ್ರೀಕರು ಒಂದೊಂದು ಪಾಲಿಗೂ ಒಂದೊಂದು ಕಥೆ ಕಟ್ಟಿದರಂತೆ; ಅದೆಲ್ಲ ಆಗಿ ಎರಡು ಸಾವಿರ ವರ್ಷದ ಮೇಲೆ ಲಂಡನ್ನಿನ ಪತ್ರಿಕೆಗಳು, ಜಾತಕ ಬರೆಸುವ ವ್ಯವಧಾನವಿಲ್ಲದವರಿಗೆ ಹುಟ್ಟಿದ ತಾರೀಕು ಒಂದಿದ್ದರೆ ಸಾಕು ಎಂದು ದಾರಿ ಸುಲಭ ಮಾಡಿದವಂತೆ. ನಮ್ಮ ಪುರೋಹಿತರಿಗೆ ಇದು ಒಪ್ಪಿಗೆಯಿರಲಿಲ್ಲ. ಒಮ್ಮೆ ಅಚ್ಚುಕೂಟಕ್ಕೇ ಬಂದು ಕೂತರು.

"ವರದಯ್ಯನೋರೆ, ಆಕಾಶ ಜಾರಿದೆ. ನಿಮ್ಮ ಪುಸ್ತಕ ಮಿಥುನ ಅನ್ನೋ ದಿನ ಸೂರ್ಯ ಇನ್ನೂ ವೃಷಭದಲ್ಲೇ ಇರ್ತಾನೆ. ಅದೂ ಅಲ್ದೆ ಮಕರ ಅಂದ್ರೆ ಮೊಸಳೆ ಕಣ್ರೀ. ನೀವು ನೋಡಿದ್ರೆ ಮೀನಿನ ಬಾಲ ಇರೋ ಮೇಕೆ ಹಾಕಿದೀರಿ."

"ಆಕಾಶ ಜಾರಿರಬಹುದು ಸ್ವಾಮಿ," ಎಂದರು ವರದಯ್ಯ. "ರಿಜಿಸ್ಟರ್ ಜಾರಿಲ್ಲವಲ್ಲ."

ಅವತ್ತು ಮಿಥುನಕ್ಕೆ 'ಎಡಗಾಲು ಉಳುಕುವ ಸಂಭವ' ಎಂದಿತ್ತು. ಪುರೋಹಿತರು ಅಚ್ಚುಕೂಟದ ಮೆಟ್ಟಿಲು ಇಳಿಯುವಾಗ ಉಳುಕಿಸಿಕೊಂಡರು. ಬೀದಿಯಲ್ಲಿ ಎಲ್ಲರೂ ಎಡಗಾಲು ಎಳೆಯುತ್ತಲೇ ನಡೆಯುತ್ತಿದ್ದುದರಿಂದ ಅವರಿಗೆ ಅಷ್ಟೇನೂ ಅವಮಾನವಾಗಲಿಲ್ಲ. ಆಮೇಲೆ ಅವರು ಆಕಾಶದ ವಿಷಯ ಎತ್ತಲಿಲ್ಲ.

ಜನ ಹೊಂದಿಕೊಂಡಿದ್ದರು. 'ದೂರ ಪ್ರಯಾಣ' ಎಂದು ಬಂದ ದಿನ ಊರೆಲ್ಲ ಬುತ್ತಿ ಕಟ್ಟಿಕೊಂಡು ಇರುವ ಒಂದೇ ಬಸ್ಸಿಗೆ ಸರದಿ ನಿಲ್ಲುತ್ತಿತ್ತು. ಪಕ್ಕದ ಊರಿಗೆ ಹೋಗಿ ಟೀ ಕುಡಿದು ವಾಪಸು ಬಂದು, ಇಳಿದವರು ಹತ್ತುವವರಿಗೆ ಟೀ ಹೇಗಿದೆ ಎಂದು ಹೇಳುತ್ತಿದ್ದರು. 'ಕಳೆದದ್ದು ಸಿಗುವುದು' ಎಂದ ದಿನ ಒಬ್ಬಾಕೆಗೆ ಒಂಬತ್ತು ವರ್ಷದ ಹಿಂದೆ ಓಡಿಹೋಗಿದ್ದ ಗಂಡ ಸಿಕ್ಕ. ಅವಳು ಬೆಳಗಿನಿಂದ ಹುಡುಕುತ್ತಿದ್ದುದು ಕೊಬ್ಬರಿ ತುರಿಯುವ ಮಣೆಯನ್ನು. ಮೊದಲ ಸಲ 'ಅತಿಥಿಯಾಗಿ ಸತ್ಕಾರ' ಎಂದು ಬಂದಾಗ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಇನ್ನೊಬ್ಬರ ಮನೆಗೆ ಹೊರಟುಬಿಟ್ಟರು. ಎಲ್ಲ ಮನೆಗೂ ಬೀಗ. ಪಂಚಾಯಿತಿಯವರು ಸಭೆ ಸೇರಿ, ಮುಂದೆ ಇಂಥ ದಿನ ಬಂದರೆ ಬೀದಿಯ ಎಡಸಾಲಿನವರು ಬೆಳಿಗ್ಗೆ, ಬಲಸಾಲಿನವರು ಸಂಜೆ ಅತಿಥಿಗಳಾಗತಕ್ಕದ್ದು ಎಂದು ತೀರ್ಮಾನಿಸಿದರು.

ನಾನು ಮಾತ್ರ ವೃಶ್ಚಿಕ. ನನ್ನ ಅಪ್ಪ ಗಡಿಯಾರ ರಿಪೇರಿಯವರು. ಐದು ನಿಮಿಷದ ತಪ್ಪನ್ನು ಸಹಿಸದವರು ಐದು ತಿಂಗಳ ತಪ್ಪನ್ನು ಹೇಗೆ ಸಹಿಸಿಯಾರು? ಮೇಷ್ಟ್ರ ಜೊತೆ ಜಗಳವಾಡಿ ನವೆಂಬರ್ ಒಂಬತ್ತು ಎಂದೇ ಬರೆಸಿದರು. ಇಡೀ ಊರಿನ ದೊಡ್ಡವರಲ್ಲಿ ವೃಶ್ಚಿಕದವನು ನಾನೊಬ್ಬನೇ ಎಂದು ನಾನೂ ನಂಬಿದ್ದೆ, ಊರೂ ನಂಬಿತ್ತು.

ಅಂಕಣದ ಮೊದಲ ಕಾಲಮ್ಮಿನಲ್ಲಿ ಎಂಟು ರಾಶಿ ಬರುತ್ತಿದ್ದವು, ಎರಡನೆಯದರಲ್ಲಿ ನಾಲ್ಕು. ಮೊದಲ ಕಾಲಮ್ಮಿನ ಕೆಳಗೆ 'ಮೂರು ನವಿಲು ಇಂಗು' ಜಾಹೀರಾತು. ಅದರ ಅಳತೆ ಒಂದು ಎಳೆಯೂ ಕುಗ್ಗುವಂತಿರಲಿಲ್ಲ. ಮೇಷದಿಂದ ತುಲಾದವರೆಗೆ ಒಂದೊಂದಕ್ಕೂ ನಾಲ್ಕು ಸಾಲು ಹಾಕಿದ ಮೇಲೆ, ಎಂಟನೆಯದಾದ ವೃಶ್ಚಿಕಕ್ಕೆ ಇಂಗಿನ ಡಬ್ಬಿಯ ತಲೆಯ ಮೇಲೆ ಒಂದೇ ಸಾಲಿನ ಜಾಗ ಉಳಿಯುತ್ತಿತ್ತು. ವರದಯ್ಯ ಅಲ್ಲಿಗೆ ಹಿಡಿಸುವ ಎರಡು ಪದ ಹುಡುಕಿದ್ದರು: 'ಮೌನ ಲೇಸು.' ಓದುಗ ಒಬ್ಬನೇ ಆದ್ದರಿಂದ ಅದನ್ನು ಬದಲಿಸುವ ತಾಪತ್ರಯಕ್ಕೆ ಹೋಗಲಿಲ್ಲ. ಸೀಸದ ಅಕ್ಷರಗಳಿಗೆ ಅಚ್ಚುಕೂಟದಲ್ಲಿ ಮೊಳೆ ಅನ್ನುತ್ತಾರೆ. ಉಳಿದ ರಾಶಿಗಳ ಮೊಳೆಗಳನ್ನು ದಿನವೂ ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದರು; ನನ್ನ ಸಾಲನ್ನು ಮಾತ್ರ ದಾರದಲ್ಲಿ ಕಟ್ಟಿ ಹಾಗೇ ಇಟ್ಟಿದ್ದರು.

ಹಾಗೆಂದು ನಾನು ಮೂಗನಲ್ಲ. ಉಪ್ಪು ಕೊಡಿ, ಬಸ್ಸು ಎಷ್ಟು ಹೊತ್ತಿಗೆ, ಇವೆಲ್ಲ ಸಲೀಸಾಗಿ ಬರುತ್ತವೆ. ಮನಸ್ಸಿನಲ್ಲಿ ತೂಕವಿರುವ ಮಾತು ಮಾತ್ರ ಗಂಟಲಲ್ಲಿ ನಿಂತು, ಅದರ ಜಾಗದಲ್ಲಿ ಇನ್ನೇನೋ ಹೊರಬೀಳುತ್ತದೆ. ಬರೆದು ತೋರಿಸೋಣವೆಂದರೆ ಪೆನ್ನೂ ಹಾಗೇ: 'ಕ್ಷೇಮ, ಬಿಸಿಲು ಜಾಸ್ತಿ' ಎಂದು ಬರೆದು ನಿಲ್ಲುತ್ತದೆ. ಅಂಕಿಗಳಿಗೆ ಮಾತ್ರ ಯಾವತ್ತೂ ತಡೆಯಿಲ್ಲ. ಊರು ಬಿಟ್ಟು ಎಂ.ಎ. ಓದಲು ಹೋದರೂ ಆ ಸಾಲು ಬೆನ್ನು ಬಿಡಲಿಲ್ಲ. ತತ್ವಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ಸತ್ಯ ಎಂದರೇನು ಎಂದು ಕೇಳಿದರು. ನಾನು ಬಾಯಿ ತೆರೆದಾಗ, "ಫ್ಯಾನ್ ಸ್ವಲ್ಪ ಜೋರು ಮಾಡಬಹುದಾ ಸರ್?" ಎಂಬುದಷ್ಟೇ ಬಂತು. ಮೂವರು ಪ್ರಾಧ್ಯಾಪಕರು ಬಹಳ ಹೊತ್ತು ತಲೆದೂಗಿ ಪ್ರಥಮ ದರ್ಜೆ ಕೊಟ್ಟರು. ಊರಿಗೆ ಬಂದ ಮೇಲೆ ಎಲ್ಲರೂ ನನ್ನನ್ನು 'ಎಂ.ಎ. ತಿಪ್ಪೇಶ' ಎಂದು ಕರೆದು, ಆಳವಾದ ಮನುಷ್ಯ ಎನ್ನತೊಡಗಿದರು. ಈ ಆಳ ನನ್ನದೋ ಇಂಗಿನ ಡಬ್ಬಿಯದೋ ಎಂದು ನಾನು ಎಷ್ಟೋ ಮಧ್ಯಾಹ್ನ ಕೂತು ಯೋಚಿಸಿದ್ದೇನೆ.

ವರದಯ್ಯನವರ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಮೊಳೆ ಜೋಡಿಸುತ್ತಿದ್ದವಳು ಅಂಬುಜ. ಕನ್ನಡಿಯಲ್ಲಿ ಕಂಡಂತೆ ತಿರುಗಿರುವ ಅಕ್ಷರಗಳನ್ನು ಅವಳು ನಾವು ನೇರ ಅಕ್ಷರ ಓದುವುದಕ್ಕಿಂತ ಬೇಗ ಓದುತ್ತಿದ್ದಳು. ಮಸಿ ಹತ್ತಿದ ಬೆರಳಿನಿಂದ ಮೂಗು ತುರಿಸಿಕೊಂಡು ದಿನವಿಡೀ ಮೂಗಿನ ಮೇಲೊಂದು ಕಪ್ಪು ಪೂರ್ಣವಿರಾಮ ಇಟ್ಟುಕೊಂಡೇ ಓಡಾಡುತ್ತಿದ್ದಳು. ಅವಳನ್ನು ಮದುವೆಯಾಗಬೇಕೆಂದು ನನಗನಿಸಿ ಎರಡು ವರ್ಷವಾಗಿತ್ತು. ಅದನ್ನು ಹೇಳಲು ಅವಳ ಮೇಜಿನ ಹತ್ತಿರ ಹೋಗುವುದು, ಬಾಯಿ ತೆರೆಯುವುದು, "ಗಮ್ ಇದೆಯಾ?" ಎನ್ನುವುದು. ಅವಳು ಗಮ್ಮಿನ ಬಾಟಲಿ ಕೊಡುವುದು. ನಾನು ಅದನ್ನು ತೆಗೆದುಕೊಂಡು ಹೋಗಿ ಸುಮ್ಮನೆ ನನ್ನ ಮೇಜಿನ ಕೆಳಗಿಡುವುದು. ಅವಳು ಅಂಗಡಿಯಿಂದ ಹೊಸದನ್ನು ತರಿಸುವುದು.

ಒಂದು ಗುರುವಾರ ಅವಳೇ ನನ್ನ ಮೇಜಿನ ಹತ್ತಿರ ಬಂದಳು.

"ಭಾನುವಾರ ನನ್ನ ನೋಡೋಕೆ ಬರ್ತಾರಂತೆ. ಇಂಗಿನ ಕೋಟ್ರಪ್ಪನ ಮಗ ಬಸಲಿಂಗ. ಅಪ್ಪನಿಗೆ ಬಹಳ ಇಷ್ಟ ಆಗ್ಬಿಟ್ಟಿದೆ."

ಮೂರು ನವಿಲು ಇಂಗಿನ ಕೋಟ್ರಪ್ಪ. ಇಷ್ಟು ವರ್ಷ ನನ್ನ ಗಂಟಲ ಮೇಲೆ ಕೂತಿದ್ದು ಸಾಲದೆಂದು ಈಗ ಇದು ಬೇರೆ.

"ನಿಮಗೆ ಏನನ್ಸುತ್ತೆ?" ಎಂದಳು.

ನನಗೆ ಏನೇನೋ ಅನಿಸಿತು. ಎಲ್ಲವನ್ನೂ ಒಟ್ಟುಮಾಡಿಕೊಂಡು ಬಾಯಿ ತೆರೆದೆ. "ಗಮ್ ಇದೆಯಾ?"

ಅವಳು ಹೋಗಿ ಬಾಟಲಿ ತಂದು ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟಳು. "ಇದು ಹದಿನೇಳನೇದು ಎಂ.ಎ. ಅವರೇ. ಏನನ್ನ ಅಂಟಿಸ್ತಿದೀರಿ ಅಂತ ಒಂದಿನ ಆದ್ರೂ ಹೇಳಿ."

ಶನಿವಾರ ಬೆಳಿಗ್ಗೆ ಭಾನುವಾರದ ಅಂಕಣದ ಪ್ರೂಫು ನನ್ನ ಕೈಗೆ ಬಂತು. ಮಿಥುನಕ್ಕೆ ಹೀಗಿತ್ತು: 'ಮನದ ಮಾತು ನಾಲಿಗೆಗೆ ಬರುವುದು. ಸಂಕೋಚ ಬಿಟ್ಟು ಕೇಳಿದವರಿಗೆ ಎದುರಿನವರ ಉತ್ತರ ಅನುಕೂಲ.' ಬಸಲಿಂಗನೂ ಜೂನ್ ಒಂದು. ಅವನು ಭಾನುವಾರ ಅಂಬುಜಳ ಮನೆಯಲ್ಲಿ ಕೂತು ಬಾಯಿ ತೆರೆದರೆ ಮುಗಿಯಿತು; ಅವಳ ಬಾಯಿಂದ ಅನುಕೂಲದ ಉತ್ತರ ತಾನಾಗಿ ಬರುತ್ತದೆ. ಕೆಳಗೆ ನನ್ನ ರಾಶಿ ನೋಡಿದೆ. ಮೌನ ಲೇಸು. ತಿದ್ದೋಣವೆಂದು ಪೆನ್ನು ಊರಿದೆ. 'ಬಿಸಿಲು ಜಾಸ್ತಿ' ಎಂದು ಬರೆಯಿತು.

ಸಾಲು ಬದಲಾಗದಿದ್ದರೆ ನಾನೇ ಬದಲಾಗಬೇಕು. ನಾನೂ ಮಿಥುನವಾಗಿ, ಬಸಲಿಂಗನಿಗಿಂತ ಮೊದಲು ಕೇಳಿಬಿಡಬೇಕು. ಪ್ರೂಫನ್ನು ಅಂಬುಜಳ ಮೇಜಿನ ಮೇಲಿಟ್ಟು ನೇರವಾಗಿ ಶಾಲೆಗೆ ಹೋದೆ.

ಗುರುಬಸಪ್ಪ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಶನಿವಾರ ಬಂದರೆ ಆಫೀಸಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ರಿಜಿಸ್ಟರಿನ ಧೂಳು ಕೊಡವುತ್ತಿದ್ದರು. ಹೊಸ ಹೆಡ್‌ಮಾಸ್ಟರು ಅದನ್ನು ಮುಟ್ಟಲು ಹೆದರುತ್ತಿದ್ದರು. ಮೇಷ್ಟ್ರು ಮದುವೆಯಾದವರಲ್ಲ. ಸೀಮೆಸುಣ್ಣ, ಗಂಟೆ, ಬೆಂಚಿನ ಕಾಲು ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಅದರಾಚೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ನಾನು ಜನ್ಮದಿನಾಂಕ ತಿದ್ದುಪಡಿಯ ಅಚ್ಚಾದ ಅರ್ಜಿ ತೆಗೆದುಕೊಂಡು, ಬರೀ ಅಂಕಿಗಳನ್ನು ತುಂಬಿ ಮುಂದಿಟ್ಟೆ.

"ಲೋ ತಿಪ್ಪೇಶಿ," ಎಂದರು ಮೇಷ್ಟ್ರು, ಕನ್ನಡಕ ಏರಿಸಿಕೊಂಡು. "ಜೂನ್ ಒಂದು ತೆಗೀರಿ ಸಾರ್ ಅಂತ ಬರೋರೇ ಎಲ್ಲ. ಜೂನ್ ಒಂದು ಕೊಡಿ ಅಂತ ಬಂದೋನು ನೀನೇ ಮೊದಲು. ನಿಮ್ಮಪ್ಪ ಅವತ್ತು ಏನು ಗಲಾಟೆ ಮಾಡಿದ ಗೊತ್ತೇನೋ? ಬೆಳಗ್ಗೆ ಏಳು ಹದಿನೆಂಟು ಅಂತಲೂ ಬರೀರಿ ಅಂದ. ಟೈಮಿಗೆ ಕಾಲಮ್ಮೇ ಇಲ್ಲ ಕಣಪ್ಪಾ ಅಂದ್ರೆ, ಗೆರೆ ಎಳೀರಿ ಅಂತ ಸ್ಕೇಲು ಕೊಟ್ಟ." ಅರ್ಜಿಯನ್ನು ತಿರುಗಿಸಿ ನೋಡಿದರು. "ಯಾಕೆ ಬೇಕು ನಿಂಗೆ?"

ನಾನು ಕಾರಣ ಹೇಳಲು ಬಾಯಿ ತೆರೆದೆ. "ಸೀಮೆಸುಣ್ಣ ಈಗ ಬಣ್ಣದ್ದೂ ಬರುತ್ತಾ ಸಾರ್?"

ಮೇಷ್ಟ್ರು ನಗಲಿಲ್ಲ. ನನ್ನ ಮುಖವನ್ನು, ಎಂದೋ ಕಳೆದ ತಮ್ಮದೇ ಕೊಡೆಯನ್ನು ಇನ್ನೊಬ್ಬರ ಕೈಯಲ್ಲಿ ಕಂಡವರ ಹಾಗೆ ನೋಡಿದರು. ಆಮೇಲೆ ಕಿಟಕಿಯ ಆಚೆ ನೋಡಿದರು. ರಸ್ತೆಯ ಆ ಬದಿಯ ಮನೆಯ ಜಗಲಿಯಲ್ಲಿ, ಹಿಂದೆ ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ವಿಮಲಾಂಬ ಟೀಚರ್ ದಿಂಬಿನ ಕವರಿಗೆ ಗುಂಡಿ ಹಾಕುತ್ತಿದ್ದರು. "ನಾನೂ..." ಎಂದು ಶುರುಮಾಡಿದ ಮೇಷ್ಟ್ರಿಗೆ ಕೆಮ್ಮು ಬಂತು. ಸುಧಾರಿಸಿಕೊಂಡು, "ನಾನೂ ಬಣ್ಣದ್ದೇ ತರಿಸಬೇಕು ಅಂತಿದ್ದೆ," ಎಂದರು.

ರಿಜಿಸ್ಟರಿನಲ್ಲಿ ನವೆಂಬರ್ ಒಂಬತ್ತರ ಮೇಲೆ ಕೆಂಪು ಗೆರೆ ಬಿತ್ತು. ಹೊಸ ಸರ್ಟಿಫಿಕೇಟಿಗೆ ಹೊಸ ಹೆಡ್‌ಮಾಸ್ಟರು ಸಹಿ ಹಾಕಿದರು, ಮೇಷ್ಟ್ರು ಸೀಲು ಒತ್ತಿದರು. ಇಪ್ಪತ್ತೊಂಬತ್ತು ವರ್ಷದ ನಂತರ ನಾನು ಊರಿನವನಾದೆ.

ಭಾನುವಾರ ಪತ್ರಿಕೆ ನೋಡುವ ಗೋಜಿಗೇ ಹೋಗಲಿಲ್ಲ. ಪ್ರೂಫು ನಾನೇ ಓದಿದ್ದೆನಲ್ಲ. ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಸರ್ಟಿಫಿಕೇಟನ್ನು ಧೈರ್ಯಕ್ಕಿರಲೆಂದು ಜೇಬಿನಲ್ಲಿಟ್ಟುಕೊಂಡು ಹೊರಟೆ. ಬೀದಿ ಗಿಜಿಗುಡುತ್ತಿರಬಹುದು, ಎಲ್ಲರೂ ಮನದ ಮಾತು ಹೇಳಿಕೊಳ್ಳುತ್ತಿರಬಹುದು ಅಂದುಕೊಂಡಿದ್ದೆ. ಆದರೆ ಮೂಲೆಯಲ್ಲಿ ಗಂಡಹೆಂಡತಿಯೊಬ್ಬರು ಜಗಳದ ಭಂಗಿಯಲ್ಲಿ ಎದುರುಬದುರು ನಿಂತು, "ಈ ಸಲ ನುಗ್ಗೆಕಾಯಿ ಚೆನ್ನಾಗಿ ಬಿಟ್ಟಿದೆ," "ಹೂಂ, ಚೆನ್ನಾಗಿ ಬಿಟ್ಟಿದೆ," ಎಂದು ಒಬ್ಬರನ್ನೊಬ್ಬರು ಗದರಿಸುತ್ತಿದ್ದರು.

ಅಂಬುಜಳ ಮನೆಗೆ ಹೋದಾಗ ಇಂಗಿನವರು ಆಗಲೇ ಬಂದುಬಿಟ್ಟಿದ್ದರು. ನಡುಮನೆಯಲ್ಲಿ ಕೋಟ್ರಪ್ಪ, ಅವರ ಹೆಂಡತಿ, ಬಸಲಿಂಗ ಸಾಲಾಗಿ ಕೂತಿದ್ದರು. ಎದುರಿಗೆ ಅಂಬುಜಳ ತಂದೆ ಮುದ್ದಪ್ಪ. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ.

"ಬಾಪ್ಪ ತಿಪ್ಪೇಶ, ಕೂತ್ಕೋ," ಎಂದರು ಮುದ್ದಪ್ಪ. ಏಕೆ ಬಂದೆ ಎಂದು ಕೇಳಲು ಹೋಗಿ, "ಉಪ್ಪಿಟ್ಟು ತಿಂತೀಯಾ?" ಎಂದರು.

ಕೋಟ್ರಪ್ಪ ಗಂಟಲು ಸರಿಮಾಡಿಕೊಂಡರು. "ನಾವು ಬಂದ ವಿಷಯ ಏನಂದ್ರೆ..." ಎಂದು ನಿಲ್ಲಿಸಿ, ಬೆವರು ಒರೆಸಿಕೊಂಡು, "...ಉಪ್ಪಿಟ್ಟು ಉದುರುದುರಾಗಿದೆ."

"ಬನ್ಸಿ ರವೆ," ಎಂದರು ಮುದ್ದಪ್ಪ.

"ಬನ್ಸಿ ರವೆನಾ?"

"ಬನ್ಸಿ ರವೆ."

"ಆದ್ರೆ ಒಗ್ಗರಣೆಗೆ ಇಂಗು..." ಎಂದ ಕೋಟ್ರಪ್ಪನವರಿಗೆ ಅದು ತೂಕದ ಮಾತೇ ಆಗಿತ್ತೆಂದು ಕಾಣುತ್ತದೆ, ಕೆಮ್ಮು ಬಂದು ಅರ್ಧಕ್ಕೇ ನಿಂತಿತು. ಬಸಲಿಂಗ ಒಂದೇ ಸಮ ಅಂಬುಜಳ ಕಡೆಗೆ ತಿರುಗಿ ಬಾಯಿ ತೆರೆಯುವುದು, "ನೀರು" ಎನ್ನುವುದು ಮಾಡುತ್ತಿದ್ದ. ಅವನ ಮುಂದೆ ಐದು ಲೋಟ ನೀರಿತ್ತು. ಪಾಪ, ಆ ಸಂಕಟ ನನಗೆ ಗೊತ್ತು.

ಅಂಬುಜ ನನ್ನನ್ನು ನೋಡಿದಳು. ಮೂಗಿನ ಮೇಲೆ ಅವತ್ತು ಮಸಿಯಿರಲಿಲ್ಲ. ಅವಳ ಕಣ್ಣಿನಲ್ಲಿ, ಇಡೀ ಕೋಣೆಯಲ್ಲಿ ನಾನೊಬ್ಬನೇ ಮಾತಾಡಬಲ್ಲವನು ಎಂಬ ನಂಬಿಕೆಯಿತ್ತು. ಅದು ಏಕೆಂದು ತಿಳಿಯದಿದ್ದರೂ ಧೈರ್ಯ ಬಂತು. ಎದ್ದು ನಿಂತೆ. ಸಂಕೋಚ ಬಿಟ್ಟೆ.

"ಗಮ್ ಇದೆಯಾ?"

ಅವಳ ಮುಖ ಬಾಡಿತು. ನಾನು ಕೂತೆ. ಆಗ ಟೀಪಾಯಿಯ ಮೇಲಿದ್ದ ಪತ್ರಿಕೆ ಕಣ್ಣಿಗೆ ಬಿತ್ತು. ಅಂಕಣದ ಮೊದಲ ಕಾಲಮ್ಮು ಮೇಷದಿಂದ ಶುರುವಾಗಿರಲಿಲ್ಲ, ವೃಶ್ಚಿಕದಿಂದ ಶುರುವಾಗಿತ್ತು. ಅಂಬುಜ ರಾಶಿಚಕ್ರವನ್ನು ತಿರುಗಿಸಿಬಿಟ್ಟಿದ್ದಳು. ಚಕ್ರ ತಾನೇ, ಎಲ್ಲಿಂದ ಶುರುಮಾಡಿದರೇನು. ವೃಶ್ಚಿಕದಿಂದ ಎಣಿಸಿದರೆ ಎಂಟನೆಯದು ಮಿಥುನ. ಮನದ ಮಾತಿನ ಆ ಸಾಲುಗಳೆಲ್ಲ ಕಾಲಮ್ಮಿನ ತುದಿಯಲ್ಲಿ ವೃಶ್ಚಿಕದ ಹೆಸರಿನಡಿ ಕೂತಿದ್ದವು. ಇಂಗಿನ ಡಬ್ಬಿಯ ತಲೆಯ ಮೇಲೆ, ನನ್ನದೇ ಹಳೆಯ ಸಾಲು: ಮಿಥುನ, ಮೌನ ಲೇಸು.

ಅವಳು ಊರಿನ ಬಾಯಿಯನ್ನೆಲ್ಲ ಕಟ್ಟಿ ನನಗೊಬ್ಬನಿಗೆ ಮಾತು ಕೊಟ್ಟಿದ್ದಳು. ನಾನು ಹಿಂದಿನ ದಿನವೇ ಹೋಗಿ ಊರಿನ ಜೊತೆ ಸೇರಿಕೊಂಡಿದ್ದೆ.

ಹೇಳಲು ದಾರಿಯಿರಲಿಲ್ಲ. ಜೇಬಿನಿಂದ ಸರ್ಟಿಫಿಕೇಟು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಹುಟ್ಟಿದ ತಾರೀಕು, ಜೂನ್ ಒಂದು. ತಿದ್ದುಪಡಿಯ ತಾರೀಕು, ನಿನ್ನೆಯದು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಪತ್ರಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಗು ಶುರುವಾಯಿತು. ಗೋಡೆಗೆ ಒರಗಿ, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುವಿಗೆ ಯಾವ ರಾಶಿಯೂ ಅಡ್ಡ ಬರಲಿಲ್ಲ. ನನಗೂ ನಗು ಬಂತು.

"ಏನಂತೆ?" ಎಂದರು ಕೋಟ್ರಪ್ಪ. ಯಾರೂ ಹೇಳುವಂತಿರಲಿಲ್ಲ. ನಕ್ಕ ಇಬ್ಬರನ್ನೂ ಅವರ ಹೆಂಡತಿ ಒಂದು ಸಲ ನೋಡಿ, ಗಂಡನ ಮೊಣಕೈ ತಿವಿದು ಎದ್ದರು. "ಬರ್ತೀವಿ ಮುದ್ದಪ್ಪನೋರೆ, ಬಿಸಿಲು ಏರುತ್ತೆ," ಎಂದರು. ಬಸಲಿಂಗ ಆರನೆಯ ಲೋಟ ನೀರು ಕುಡಿದು ಹೊರಟ. ಅವನ ಮುಖದಲ್ಲಿ ದುಃಖಕ್ಕಿಂತ ನಿರಾಳ ಹೆಚ್ಚಿತ್ತು.

ಅಷ್ಟರಲ್ಲಿ ಬೀದಿಯಿಂದ ಒಂದು ದನಿ ಕೇಳಿತು. ಬೆಳಗಿನಿಂದ ಊರಿನಲ್ಲಿ ಕೇಳಿದ ಮೊದಲ ತೂಕದ ದನಿ. ಎಲ್ಲರೂ ಹೊರಗೆ ಓಡಿದೆವು. ಎರಡು ಮನೆಯಾಚೆ ವಿಮಲಾಂಬ ಟೀಚರ ಗೇಟಿನ ಎದುರು ಗುರುಬಸಪ್ಪ ಮೇಷ್ಟ್ರು ಕೈಕಟ್ಟಿ ನಿಂತಿದ್ದರು.

"ಮೂವತ್ತೆಂಟು ವರ್ಷದಿಂದ ಹೇಳ್ಬೇಕು ಅಂತಿದೀನಿ ವಿಮಲಾ," ಎನ್ನುತ್ತಿದ್ದರು. "ನೀವು ಸ್ಟಾಫ್ ರೂಮಲ್ಲಿ ಸೂಜಿಗೆ ದಾರ ಪೋಣಿಸೋವಾಗ ನಾನು ಉಸಿರು ಬಿಗಿಹಿಡಿದು ಕೂತಿರ್ತಿದ್ದೆ. ಸೀಮೆಸುಣ್ಣದ ವಿಷಯ ಬಿಟ್ಟು ಬೇರೆ ಏನೂ ಬರ್ತಿರಲಿಲ್ಲ. ಇನ್ನು ಮುಂದೆ ಒಂದೇ ಮನೇಲಿ ಇರೋಣ. ಹೂಂ ಅನ್ನಿ."

ಎಲ್ಲರಿಗೂ ಜೂನ್ ಒಂದು ಬರೆದ ಮೇಷ್ಟ್ರು ತಮ್ಮದನ್ನು ಮಾತ್ರ ಇದ್ದ ಹಾಗೇ ಬರೆದುಕೊಂಡಿದ್ದರು. ವೃಶ್ಚಿಕದವನು ನಾನೊಬ್ಬನೇ ಆಗಿರಲಿಲ್ಲ. ಅಂಬುಜ ನನಗೆಂದು ಜೋಡಿಸಿದ ಸಾಲುಗಳು ಇನ್ನೊಬ್ಬರ ಮನೆ ಸೇರಿದ್ದವು.

ಬೀದಿ ತುಂಬ ಜನ ಸೇರಿದ್ದರು. ಶಿಕ್ಷಕರ ಪಟ್ಟಿಯಲ್ಲೂ ಮೇಷ್ಟ್ರು ಜೂನ್ ಒಂದೇ ಬರೆದಿದ್ದರಿಂದ ವಿಮಲಾಂಬ ಟೀಚರ್ ಮಿಥುನ. ಕೈಯಲ್ಲಿದ್ದ ದಿಂಬಿನ ಕವರನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೊನೆಗೆ ಮೇಷ್ಟ್ರ ಕಾಲು ನೋಡಿ, ಯಾವ ತೂಕವೂ ಇಲ್ಲದ ದನಿಯಲ್ಲಿ ಅಂದರು: "ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಬಿಡೋವಾಗ ನನ್ನ ಚಪ್ಪಲಿ ಪಕ್ಕದಲ್ಲೇ ಬಿಡಿ, ನಾಯಿ ಎಳ್ಕೊಂಡು ಹೋಗುತ್ತೆ."

ಮೇಷ್ಟ್ರು ಹಾಗೇ ಬಿಟ್ಟರು. ಬೀದಿಯಲ್ಲಿ ಯಾರೋ ಮೂಗೊರೆಸಿಕೊಂಡು, ನುಗ್ಗೆಕಾಯಿ ಈ ಸಲ ಚೆನ್ನಾಗಿ ಬಿಟ್ಟಿದೆ ಎಂದರು.

ಅಂಬುಜ ಮತ್ತು ನಾನು ಅವಳ ಮನೆಯ ಮೆಟ್ಟಿಲ ಮೇಲೆ ಉಳಿದೆವು. ಬಾಗಿಲಲ್ಲಿ ಮುದ್ದಪ್ಪ ಏನೋ ಹೇಳಲು ಬಾಯಿ ತೆರೆದು, "ಉಪ್ಪಿಟ್ಟು ಇನ್ನೂ ಇದೆ," ಎಂದು ಒಳಗೆ ಹೋದರು. ಅವಳೂ ಮಿಥುನವೇ; ತೂಕವಿಲ್ಲದ ಮಾತು ಹುಡುಕುತ್ತಿದ್ದಳು. ತಿರುಗಿದ ಅಕ್ಷರಗಳನ್ನು ಒಂದೊಂದಾಗಿ ಆರಿಸುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು.

"ನಿಮ್ಮ ಮೇಜಿನ ಕೆಳಗೆ ಹದಿನೇಳು ಬಾಟ್ಲಿ ಗಮ್ ಇದೆ," ಎಂದಳು. "ಒಂದು ಬಾಟ್ಲಿ ಎಷ್ಟು ದಿನ ಬರುತ್ತೆ?"

"ಒಂದು ಮನೆಗಾದ್ರೆ ಎರಡೂವರೆ ವರ್ಷ."

"ಹದಿನೇಳಕ್ಕೆ?"

ಅಂಕಿಗೆ ತಡೆಯಿರಲಿಲ್ಲ. "ನಲವತ್ತೆರಡೂವರೆ ವರ್ಷ," ಎಂದೆ.

ಅವಳು ಸರ್ಟಿಫಿಕೇಟನ್ನು ಮಡಿಸಿ ನನ್ನ ಜೇಬಿಗೆ ಹಾಕಿದಳು.

"ಮುಚ್ಚಳ ಸರಿಯಾಗಿ ಹಾಕ್ಕೊಂಡ್ರೆ ಇನ್ನೂ ಜಾಸ್ತಿ ಬರುತ್ತೆ," ಎಂದಳು.